ಬಿಡುಗಡೆ ತರುವ ದಂಡು

2021ರ ಆಗಸ್ಟ್ ತಿಂಗಳು. ಅಕ್ಕನ ಮಗಳು ನಾಲ್ಕು ದಿನ ಇದ್ದು ಹೋಗಲೆಂದು ನಮ್ಮ ಮನೆಗೆ ಬಂದಿದ್ದಳು. ಇಂಜಿನಿಯರಿಂಗ್ ಓದುವ ಹುಡುಗಿ. ಅವಳ ಚೀಲದಲ್ಲಿ ಬಟ್ಟೆಬರೆಗಿಂತ ಭಾರವಾದ ಒಂದು ಇಂಗ್ಲಿಷ್ ಕಾದಂಬರಿ ಇತ್ತು, ಐನ್ ರ‍್ಯಾಂಡ್ ಬರೆದ ‘ದಿ ಫೌಂಟನ್‌ಹೆಡ್’. ನಮ್ಮ ಕಾಲದ ಹಾಸ್ಟೆಲಿನಲ್ಲೂ ಇದೇ ಪುಸ್ತಕ ರಟ್ಟು ಕಿತ್ತುಹೋಗುವ ತನಕ ಕೈಯಿಂದ ಕೈಗೆ ಓಡಾಡುತ್ತಿತ್ತು. “ನೀವೂ ಇನ್ನೂ ಇದನ್ನೇ ಓದ್ತೀರೇನೇ?” ಎಂದು ನಕ್ಕಿದ್ದೆ.

ಆ ಸಂಜೆ ಟೀವಿಯಲ್ಲಿ ಕಾಬೂಲಿನ ವಿಮಾನ ನಿಲ್ದಾಣ. ಹೊರಟ ವಿಮಾನದ ಜೊತೆಜೊತೆಗೆ ಜನ ಓಡುತ್ತಿದ್ದರು. ಅದರ ಬದಿಗೆ ಜೋತುಬಿದ್ದವರೂ ಇದ್ದರು. ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದ ನನ್ನ ಕೈ ನಿಂತುಹೋಯಿತು. ಹುಡುಗಿ ಪುಸ್ತಕ ಮಡಿಚಿಟ್ಟು ಕೇಳಿದಳು: “ಚಿಕ್ಕಮ್ಮ, ಅಮೆರಿಕದವರು ಹೀಗೆ ಬಿಟ್ಟು ಹೋಗ್ತಿರೋದು ತಪ್ಪಾ? ಇಲ್ಲಾ, ಇಪ್ಪತ್ತು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೇ ತಪ್ಪಾ?”

ಉತ್ತರ ತೋಚಲಿಲ್ಲ. “ಎರಡೂ ಇರಬಹುದು, ಹೋಗಿ ಗ್ಯಾಸ್ ಸಣ್ಣ ಮಾಡು” ಎಂದು ಜಾರಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳ ಕೈಯಲ್ಲಿದ್ದ ಪುಸ್ತಕದ ಪಂಥದವರೇ ಇದೇ ಪ್ರಶ್ನೆಯ ಮೇಲೆ ದಶಕಗಳಿಂದ ಜಗಳವಾಡುತ್ತ ಬಂದಿದ್ದಾರೆ ಎನ್ನುವುದು ಓದುತ್ತ ಹೋದಂತೆ ತಿಳಿಯಿತು. ಆ ಜಗಳದ ಕತೆಯೇ ಈ ಬರಹ.

ಈ ಪಂಥದವರನ್ನು ಲಿಬರ್ಟೇರಿಯನ್ನರು ಎನ್ನುತ್ತಾರೆ. ವ್ಯಕ್ತಿಸ್ವಾತಂತ್ರ್ಯವಾದಿಗಳು ಎಂದರೆ ನಮಗೆ ಅರ್ಥವಾದೀತು. ಅವರ ನಂಬಿಕೆ ಹೇಳಲು ಸುಲಭ. ನನ್ನ ದೇಹ, ನನ್ನ ದುಡಿಮೆ, ನನ್ನ ಗಳಿಕೆ ನನ್ನದು. ನಾನು ಇನ್ನೊಬ್ಬರ ಮೇಲೆ ಕೈಮಾಡದೆ ಇರುವ ತನಕ ನನ್ನ ಮೇಲೆ ಬಲ ಪ್ರಯೋಗಿಸುವ ಹಕ್ಕು ಯಾರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಸರ್ಕಾರ ಪೊಲೀಸು, ನ್ಯಾಯಾಲಯ, ಗಡಿಕಾವಲು ಇಷ್ಟು ನೋಡಿಕೊಂಡರೆ ಸಾಕು. ನಾನು ಈ ಪಂಥದವಳಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಸರ್ಕಾರವೇ ಬೇಡವೆನ್ನುವ ಮಾತು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಆದರೂ ‘ನಿನ್ನ ಒಳ್ಳೆಯದಕ್ಕೇ’ ಎನ್ನುತ್ತ ನಮ್ಮ ಬದುಕನ್ನು ತಾವೇ ತೀರ್ಮಾನಿಸುವವರ ನಡುವೆ ಬೆಳೆದ ಹೆಣ್ಣುಮಕ್ಕಳಿಗೆ ಈ ಮಾತಿನಲ್ಲಿ ಏನೋ ಒಂದು ಸೆಳೆತ ಇದ್ದೇ ಇರುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಆ ಪುಸ್ತಕದ ರಟ್ಟು ಕಿತ್ತುಹೋದದ್ದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿ. ಅಮೆರಿಕದಲ್ಲಿ ಈ ವಿಚಾರಕ್ಕೆ ಮತ್ತೆ ಜೀವ ಕೊಟ್ಟವರು ಮೂವರು ಹೆಂಗಸರು, ಅದೂ ಒಂದೇ ವರ್ಷದಲ್ಲಿ. 1943ರಲ್ಲಿ, ಎರಡನೆಯ ಮಹಾಯುದ್ಧದ ನಟ್ಟನಡುವೆ, ಐನ್ ರ‍್ಯಾಂಡಳ ‘ದಿ ಫೌಂಟನ್‌ಹೆಡ್’, ಇಸಬೆಲ್ ಪ್ಯಾಟರ್ಸನ್ನಳ ‘ದಿ ಗಾಡ್ ಆಫ್ ದಿ ಮೆಷಿನ್’, ರೋಸ್ ವೈಲ್ಡರ್ ಲೇನಳ ‘ದಿ ಡಿಸ್ಕವರಿ ಆಫ್ ಫ್ರೀಡಮ್’ ಮೂರೂ ಹೊರಬಂದವು. ರ‍್ಯಾಂಡ್ ರಷ್ಯದಲ್ಲಿ ಹುಟ್ಟಿದವಳು. ಬೋಲ್ಷೆವಿಕರು ತಂದೆಯ ಔಷಧದಂಗಡಿ ಕಿತ್ತುಕೊಂಡದ್ದನ್ನು ಕಣ್ಣಾರೆ ಕಂಡು, 1926ರಲ್ಲಿ ಅಮೆರಿಕಕ್ಕೆ ಬಂದಳು. ಪ್ಯಾಟರ್ಸನ್ ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ಮೂರು ವರ್ಷವಷ್ಟೆ. ತಾನೇ ಓದಿ ಕಲಿತು, ನ್ಯೂಯಾರ್ಕಿನ ದೊಡ್ಡ ಪತ್ರಿಕೆಯೊಂದರಲ್ಲಿ ಕಾಲು ಶತಮಾನ ಪುಸ್ತಕ ವಿಮರ್ಶೆಯ ಅಂಕಣ ಬರೆದಳು. ಲೇನ್ ‘ಲಿಟ್ಲ್ ಹೌಸ್’ ಪುಸ್ತಕಗಳ ಲಾರಾ ಇಂಗಲ್ಸ್ ವೈಲ್ಡರಳ ಮಗಳು, ತಾಯಿಯ ಹಸ್ತಪ್ರತಿಗಳನ್ನು ತಿದ್ದಿಕೊಟ್ಟವಳು. ಯುದ್ಧಕಾಲದಲ್ಲಿ ರೇಷನ್ ಕಾರ್ಡೇ ಬೇಡವೆಂದು, ತನ್ನ ತೋಟದಲ್ಲಿ ಬೆಳೆದುದನ್ನು ವರ್ಷಕ್ಕಾಗುವಷ್ಟು ಭರಣಿಗಳಲ್ಲಿ ಹಾಕಿಟ್ಟು ಬದುಕಿದ ಗಟ್ಟಿ ಹೆಂಗಸು.

ಲೇನ್ 1936ರಲ್ಲಿ ಬರೆದ ಒಂದು ಲೇಖನದಲ್ಲಿ ಬರುವ ಪ್ರಸಂಗ ನನಗೆ ಬಹಳ ಇಷ್ಟ. 1920ರ ದಶಕದ ಆರಂಭದಲ್ಲಿ ಆಕೆ ಕಾಕಸಸ್ ಬೆಟ್ಟಗಳ ನಡುವಿನ ಜಾರ್ಜಿಯಾಕ್ಕೆ ಹೋಗಿದ್ದಳು. ಅದು ಆಗಷ್ಟೇ ಸೋವಿಯತ್ ಆಳ್ವಿಕೆಗೆ ಸಿಕ್ಕ ನಾಡು. ಆಗ ಆಕೆಗೆ ಸಮತಾವಾದದ ಮೇಲೆ ಒಲವಿತ್ತು. ಉಳಿದುಕೊಂಡಿದ್ದ ಹಳ್ಳಿಮನೆಯ ಯಜಮಾನನ ಮುಂದೆ ಹೊಸ ವ್ಯವಸ್ಥೆಯನ್ನು ಹೊಗಳಿದಳು. ಅವನು ತಲೆಯಾಡಿಸಿ, ಇದು ನಡೆಯುವುದಿಲ್ಲ ಎಂದ. ಹಳ್ಳಿಯ ಸಂಗತಿ ಹಳ್ಳಿಯವರಿಗೆ ಗೊತ್ತು. ಮೇಲೆ ಹೋದಂತೆ ತಿಳಿಯುವವರು ಕಡಿಮೆಯಾಗುತ್ತಾರೆ. ಮಾಸ್ಕೋದಲ್ಲಿ ಕೂತವರೂ ಮನುಷ್ಯರೇ ತಾನೆ, ಅಷ್ಟು ಜನರ ಬದುಕನ್ನು ತಿಳಿದುಕೊಳ್ಳಲು ಅವರೇನು ದೇವರೇ ಎನ್ನುವುದು ಅವನ ಮಾತಿನ ತಾತ್ಪರ್ಯ. ಓದುಬರಹದವಳು ಹಳ್ಳಿಗನಿಂದ ಪಾಠ ಕಲಿತು ಬಂದಳು. ಆಕೆಯ ಮುಂದಿನ ವಿಚಾರವೆಲ್ಲ ಈ ಒಂದು ಬೀಜದಿಂದ ಬೆಳೆದದ್ದು.

ಪ್ಯಾಟರ್ಸನ್ ಇದೇ ಮಾತನ್ನು ಇನ್ನೂ ಖಾರವಾಗಿ ಹೇಳಿದಳು. ಕೈಯಲ್ಲಿ ಗಿಲೊಟಿನ್ ಹಿಡಿದ ಮಾನವಪ್ರೇಮಿಯ ಬಗ್ಗೆ ಆಕೆಯ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಲೋಕಕ್ಕೆ ದೊಡ್ಡ ಕೇಡು ಬರುವುದು ಕೆಟ್ಟವರಿಂದಲ್ಲ, ಇನ್ನೊಬ್ಬರನ್ನು ಉದ್ಧರಿಸಲೇಬೇಕೆಂದು ಹೊರಟ ಒಳ್ಳೆಯವರ ಕೈಗೆ ಅಧಿಕಾರ ಸಿಕ್ಕಾಗ ಎನ್ನುವುದು ಅದರ ವಾದ. ಉದ್ಧಾರ ಮಾಡುವವರಿಗೆ ಉದ್ಧಾರವಾಗಬೇಕಾದವರು ಯಾವಾಗಲೂ ಬೇಕು, ಅವರು ಅಸಹಾಯಕರಾಗಿಯೇ ಇರಬೇಕು. ಅತ್ತೆ ಸೊಸೆಯರ ಮನೆಗಳಲ್ಲಿ ಬಾಳಿದ ನಮಗೆ ಇದಕ್ಕೆ ಉದಾಹರಣೆ ಬೇಕಿಲ್ಲ.

ಇಷ್ಟು ಓದಿದವರು, ಈ ಪಂಥದವರೆಲ್ಲ ಪರದೇಶದ ಯುದ್ಧಗಳಿಗೆ ವಿರೋಧಿಗಳೇ ಇರಬೇಕು ಎಂದುಕೊಳ್ಳುತ್ತಾರೆ. ತಮ್ಮ ಊರಿನ ಶಾಲೆಯನ್ನೇ ಸರ್ಕಾರ ನಡೆಸಬಾರದು ಎನ್ನುವವರು, ಅದೇ ಸರ್ಕಾರ ಏಳು ಸಮುದ್ರದಾಚೆ ಹೋಗಿ ಪ್ರಜಾಪ್ರಭುತ್ವ ನೆಡಲಿ ಎನ್ನುತ್ತಾರೆಯೇ? ಆದರೆ ಜಗಳ ಶುರುವಾಗುವುದೇ ಇಲ್ಲಿ. ಒಂದೇ ಮರಕ್ಕೆ ಎರಡು ಬೇರುಗಳಿವೆ. ‘ಸರ್ಕಾರದ ಬಲವನ್ನು ನಂಬಬೇಡ’ ಎನ್ನುವುದು ಒಂದು. ‘ಮನುಷ್ಯನ ಹಕ್ಕಿಗೆ ಗಡಿಯಿಲ್ಲ’ ಎನ್ನುವುದು ಇನ್ನೊಂದು. ಹಕ್ಕಿಗೆ ಗಡಿಯಿಲ್ಲವಾದರೆ ಸರ್ವಾಧಿಕಾರಿಯ ಗಡಿಗೇಕೆ ಮರ್ಯಾದೆ ಕೊಡಬೇಕು?

ರ‍್ಯಾಂಡ್ 1964ರ ಒಂದು ಸಂದರ್ಶನದಲ್ಲಿ ಇದನ್ನು ನೇರವಾಗಿಯೇ ಹೇಳಿದಳು. ತನ್ನ ಪ್ರಜೆಗಳ ಹಕ್ಕನ್ನು ತುಳಿಯುವ ಸರ್ವಾಧಿಕಾರಕ್ಕೆ ತನ್ನದೆನ್ನುವ ಹಕ್ಕಿಲ್ಲ. ಸ್ವತಂತ್ರ ದೇಶವೊಂದು ಅದರೊಳಗೆ ನುಗ್ಗಬಹುದು. ಆದರೆ ನುಗ್ಗಲೇಬೇಕೆಂಬ ಕರ್ತವ್ಯವೇನಿಲ್ಲ. ತನಗೆ ಲಾಭವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಆಕೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದಳು, ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುವುದನ್ನು ಅದಕ್ಕಿಂತ ಹೆಚ್ಚು ವಿರೋಧಿಸಿದಳು. ತರ್ಕ ಅಚ್ಚುಕಟ್ಟಾಗಿದೆ. ಆದರೆ ಎರಡು ಸಲ ಓದಿದಾಗ ನನಗೆ ಏನೋ ಕಾಣೆಯಾಗಿದೆ ಅನಿಸಿತು. ನುಗ್ಗುವ ದೇಶದ ಹಕ್ಕಿನ ಲೆಕ್ಕವಿದೆ, ಲಾಭದ ಲೆಕ್ಕವಿದೆ. ಆ ನೆಲದಲ್ಲಿ ಒಲೆ ಹಚ್ಚಿಕೊಂಡು ಕೂತವಳ ಲೆಕ್ಕ ಎಲ್ಲಿದೆ? ಬಾಂಬು ಬೀಳುವುದು ಸರ್ವಾಧಿಕಾರದ ಮೇಲಲ್ಲ, ಮನೆಗಳ ಮೇಲೆ.

ಲೇನಳದು ಇದಕ್ಕಿಂತ ವಿಚಿತ್ರ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆಕೆ, ಜನರ ಮತ ಕೇಳದೆ ಸರ್ಕಾರ ಯುದ್ಧಕ್ಕೆ ಹೋಗಕೂಡದು ಎಂಬ ಸಂವಿಧಾನ ತಿದ್ದುಪಡಿಯ ಪರವಾಗಿ ಓಡಾಡಿದವಳು. ಅದೇ ಲೇನ್ 1965ರಲ್ಲಿ, ತನ್ನ 78ನೆಯ ವಯಸ್ಸಿನಲ್ಲಿ, ‘ವುಮನ್ಸ್ ಡೇ’ ಎಂಬ ಮಹಿಳಾ ಪತ್ರಿಕೆಯ ವರದಿಗಾರ್ತಿಯಾಗಿ ವಿಯೆಟ್ನಾಂಗೆ ಹೋದಳು. ಆ ವಯಸ್ಸಿನಲ್ಲಿ ಯುದ್ಧಭೂಮಿಗೆ ಹೊರಟ ಮುದುಕಿಯ ಧೈರ್ಯಕ್ಕೆ ನಮಸ್ಕಾರ. ಆದರೆ ಬರೆದದ್ದು ಆ ಯುದ್ಧದ ಸಮರ್ಥನೆಯನ್ನು. ಕಮ್ಯುನಿಸಂ ಅನ್ನು ತಡೆಯಬೇಕೆಂಬ ಛಲದಲ್ಲಿ ಜಾರ್ಜಿಯಾದ ಆ ಯಜಮಾನ ಮರೆತೇಹೋದನೆ? ಮಾಸ್ಕೋದಲ್ಲಿ ಕೂತವರಿಗೆ ಜಾರ್ಜಿಯಾದ ಹಳ್ಳಿ ತಿಳಿಯದಿದ್ದರೆ, ವಾಷಿಂಗ್ಟನ್ನಿನಲ್ಲಿ ಕೂತವರಿಗೆ ಮೆಕಾಂಗ್ ನದಿಯ ದಂಡೆಯ ಹಳ್ಳಿ ಹೇಗೆ ತಿಳಿದೀತು?

ಹಾಗೆಂದು ಎದುರು ಪಕ್ಷದವರು ಪೂರ್ತಿ ಸರಿ ಎನ್ನಲೂ ನನ್ನಿಂದಾಗದು. ಯುದ್ಧವಿರೋಧಿ ಲಿಬರ್ಟೇರಿಯನ್ನರ ಗುರು ಮರ‍್ರಿ ರಾತ್‌ಬಾರ್ಡ್. ಯುದ್ಧ ಬಂದಾಗಲೆಲ್ಲ ತೆರಿಗೆ ಏರುತ್ತದೆ, ಪೊಲೀಸರ ಕೈ ಉದ್ದವಾಗುತ್ತದೆ, ಯುದ್ಧ ಮುಗಿದರೂ ಅವು ಮೊದಲಿನ ಅಳತೆಗೆ ಇಳಿಯುವುದಿಲ್ಲ ಎಂದು ಆತ ಎಚ್ಚರಿಸಿದ್ದು ನೂರಕ್ಕೆ ನೂರು ನಿಜ. ಆದರೆ 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ಸರ್ಕಾರ ಕುಸಿದುಬಿದ್ದಾಗ ಆತ ಒಂದು ರಾಜ್ಯವ್ಯವಸ್ಥೆ ಕಣ್ಣೆದುರೇ ಸತ್ತಿತೆಂದು ಸಂಭ್ರಮಿಸಿ ಬರೆದ. ಸತ್ತ ಸರ್ಕಾರದ ಜಾಗದಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂದು ಕೂತದ್ದು ಅವನ ಸಂಭ್ರಮಕ್ಕೆ ಅಡ್ಡಿಯಾಗಲಿಲ್ಲ. ಮುಂದಿನ 20 ವರ್ಷಗಳಲ್ಲಿ ಸುಮಾರು 8 ಲಕ್ಷ ವಿಯೆಟ್ನಾಮಿಗಳು ದೋಣಿಗಳಲ್ಲಿ ಪರದೇಶಗಳ ದಡ ಸೇರಿದರು. ದಡ ಸೇರದೆ ಮುಳುಗಿದವರು ಬೇರೆ. ತನ್ನ ಮನೆಯ ಯಜಮಾನನ ಮೇಲಿನ ಸಿಟ್ಟಿನಲ್ಲಿ ಪಕ್ಕದ ಮನೆಯ ಯಜಮಾನನ ದೊಣ್ಣೆ ಕಾಣದಂತಾದರೆ, ಅದೂ ಒಂದು ಬಗೆಯ ಕುರುಡು.

ಈ ಜಗಳ ಮುಂದೆ ಮನೆಮನೆಗೂ ಬಂತು. 1972ರ ಅಧ್ಯಕ್ಷ ಚುನಾವಣೆಯಲ್ಲಿ ಹೊಸದಾಗಿ ಹುಟ್ಟಿದ್ದ ಲಿಬರ್ಟೇರಿಯನ್ ಪಕ್ಷ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಹಾಸ್ಪರ್ಸ್ ಅವರನ್ನೂ, ಉಪಾಧ್ಯಕ್ಷ ಸ್ಥಾನಕ್ಕೆ ಟೋನಿ ನೇಥನ್ ಎಂಬಾಕೆಯನ್ನೂ ನಿಲ್ಲಿಸಿತು. ನಿಕ್ಸನ್‌ಗೆ ಮತ ಹಾಕಬೇಕಿದ್ದ ವರ್ಜೀನಿಯಾದ ಪ್ರತಿನಿಧಿಯೊಬ್ಬ ಇವರಿಬ್ಬರಿಗೆ ಹಾಕಿಬಿಟ್ಟ. ಅಮೆರಿಕದ ಚರಿತ್ರೆಯಲ್ಲಿ ಚುನಾಯಕ ಮಂಡಳಿಯ ಮತ ಪಡೆದ ಮೊದಲ ಹೆಂಗಸು ಹೀಗೆ ಟೋನಿ ನೇಥನ್. ಆ ಮತ ಹಾಕಿದ ರೋಜರ್ ಮ್ಯಾಕ್‌ಬ್ರೈಡ್ ಯಾರೆಂದುಕೊಂಡಿರಿ? ರೋಸ್ ವೈಲ್ಡರ್ ಲೇನ್ ಮೊಮ್ಮಗನೆಂದೇ ಸಾಕಿಕೊಂಡು, ಆಸ್ತಿಯನ್ನೆಲ್ಲ ಬರೆದುಕೊಟ್ಟವನು. ಅದೇ ಹಾಸ್ಪರ್ಸ್, ಇರಾಕ್ ಯುದ್ಧ ನಡೆಯುತ್ತಿದ್ದ 2004ರಲ್ಲಿ, ತನ್ನ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬುಷ್‌ಗೆ ಮತ ಹಾಕಿರೆಂದು ಬಹಿರಂಗ ಪತ್ರ ಬರೆದರು. ಪಕ್ಷದ ಮೊದಲ ಅಭ್ಯರ್ಥಿಯೇ ಹೀಗೆ ಮಾಡಿದರೆ ಉಳಿದವರ ಗತಿ ಏನು!

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಫ್ರೀಡ್‌ಮನ್ ದಂಪತಿಗಳ ಕತೆ. ಮಿಲ್ಟನ್ ಫ್ರೀಡ್‌ಮನ್ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ, ರೋಸ್ ಅವರೊಡನೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞೆ. 1938ರಲ್ಲಿ ಮದುವೆಯಾದವರು. 2006ರಲ್ಲಿ, ಮಿಲ್ಟನ್ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ, ಇಬ್ಬರನ್ನೂ ಕೂರಿಸಿಕೊಂಡು ಒಬ್ಬ ಪತ್ರಕರ್ತ ಸಂದರ್ಶನ ಮಾಡಿದ. ಇರಾಕಿಗೆ ಹೋದದ್ದೇ ತಪ್ಪು, ಅದು ಆಕ್ರಮಣ ಎಂದರು ಗಂಡ. ಪಕ್ಕದಲ್ಲಿದ್ದ ಹೆಂಡತಿ ಗೊಣಗಿ, ಅದು ಆಕ್ರಮಣವಲ್ಲ ಎಂದರು. ಮುಖ್ಯವಾದ ವಿಷಯದಲ್ಲಿ ತಮ್ಮಿಬ್ಬರಿಗೆ ಒಮ್ಮತವಿಲ್ಲದೆ ಹೋದದ್ದು ಬದುಕಿನಲ್ಲಿ ಇದೇ ಮೊದಲು ಎಂದೂ ಹೇಳಿಕೊಂಡರು. 68 ವರ್ಷದ ದಾಂಪತ್ಯದ ಮೊದಲ ದೊಡ್ಡ ಭಿನ್ನಾಭಿಪ್ರಾಯ ಒಂದು ಪರದೇಶದ ಯುದ್ಧದ ಮೇಲೆ! ಇಬ್ಬರೂ ದಡ್ಡರಲ್ಲ, ಇಬ್ಬರೂ ಕ್ರೂರಿಗಳಲ್ಲ. ಇದು ಶಾಂತಿಪ್ರಿಯರು, ಯುದ್ಧಕೋರರು ಎಂದು ಎರಡು ಗುಂಪು ಮಾಡಿ ಮುಗಿಸುವ ಜಗಳವಲ್ಲ ಎಂದು ನನಗೆ ತಿಳಿದದ್ದು ಆ ಸಂದರ್ಶನದಿಂದ.

2003ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ಇರಾಕಿಗೆ ನುಗ್ಗಿತು. ಕಾರಣವೆಂದು ಹೇಳಿದ್ದ ಮಾರಕಾಸ್ತ್ರಗಳು ಸಿಗಲಿಲ್ಲ. ಆಮೇಲೆ ಪ್ರಜಾಪ್ರಭುತ್ವ ತರುವುದೇ ಮುಖ್ಯ ಕಾರಣವೆಂಬಂತಾಯಿತು. 2005ರ ಜನವರಿಯಲ್ಲಿ ಎರಡನೆಯ ಸಲ ಪ್ರಮಾಣವಚನ ಸ್ವೀಕರಿಸಿದ ಬುಷ್, ಲೋಕದಲ್ಲಿ ದಬ್ಬಾಳಿಕೆಯನ್ನು ಕೊನೆಗಾಣಿಸುವುದೇ ತಮ್ಮ ದೇಶದ ಗುರಿ ಎಂದರು. ಲಿಬರ್ಟೇರಿಯನ್ನರ ದೊಡ್ಡ ಚಿಂತಕರ ಚಾವಡಿಯಾದ ಕೇಟೋ ಸಂಸ್ಥೆ ಈ ಯುದ್ಧವನ್ನು ವಿರೋಧಿಸಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಬ್ರಿಂಕ್ ಲಿಂಡ್ಸೆ ಬೆಂಬಲಿಸಿ ಬರೆದು, ಕೆಲವು ವರ್ಷಗಳ ಮೇಲೆ ತಾನು ತಪ್ಪಿದೆನೆಂದು ಒಪ್ಪಿಕೊಂಡರು. ರ‍್ಯಾಂಡಳ ಶಿಷ್ಯರದು ಮೂರನೆಯ ದಾರಿ. ಶತ್ರುವನ್ನು ಸದೆಬಡಿಯಬೇಕು, ಆದರೆ ಅವರಿಗೆ ಶಾಲೆ ಕಟ್ಟಿಕೊಡುವುದು, ಚುನಾವಣೆ ನಡೆಸಿಕೊಡುವುದು ನಮ್ಮ ಹುಡುಗರ ಬಲಿದಾನವಷ್ಟೆ ಎಂದರು. ಈ ವಾದದಲ್ಲಿ ಸೋಗಿಲ್ಲ, ಅಷ್ಟು ಒಪ್ಪುತ್ತೇನೆ. ಕರುಣೆಯೂ ಇಲ್ಲ.

ಇವರೆಲ್ಲರಿಗಿಂತ ನನಗೆ ಹಿಡಿಸಿದ್ದು ಕ್ರಿಸ್ಟೋಫರ್ ಕಾಯ್ನ್ ಎಂಬ ಅರ್ಥಶಾಸ್ತ್ರಜ್ಞ ‘ಆಫ್ಟರ್ ವಾರ್’ ಎಂಬ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ. ಪ್ರಜಾಪ್ರಭುತ್ವ ಹೇಗಿರುತ್ತದೆ ಎಂದು ನಮಗೆ ಗೊತ್ತು. ಆದರೆ ಅದಿಲ್ಲದ ಕಡೆ ಅದನ್ನು ಹುಟ್ಟಿಸುವುದು ಹೇಗೆಂದು ಯಾರಿಗೆ ಗೊತ್ತು? ಹೆಪ್ಪು ಇಲ್ಲದೆ ಹಾಲು ಮೊಸರಾಗದು. ಸಂವಿಧಾನ, ಮತಪೆಟ್ಟಿಗೆ, ಸಂಸತ್ ಭವನ ಇವೆಲ್ಲ ಪಾತ್ರೆ. ಸೋತವನು ಸುಮ್ಮನೆ ಮನೆಗೆ ಹೋಗುತ್ತಾನೆ, ಗೆದ್ದವನು ಅವನನ್ನು ಕೊಲ್ಲುವುದಿಲ್ಲ ಎಂಬ ನಂಬಿಕೆಯೇ ಹೆಪ್ಪು. ಇರಾಕಿನಲ್ಲಿ 2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಒಂದು ಆಜ್ಞೆಯಿಂದ ಇಡೀ ಸೈನ್ಯವನ್ನೇ ವಿಸರ್ಜಿಸಿದ. ಬಂದೂಕು ಹಿಡಿಯಲು ಬಲ್ಲ ಲಕ್ಷಗಟ್ಟಲೆ ಗಂಡಸರು ಸಂಬಳವಿಲ್ಲದೆ ಮನೆಗೆ ಬಂದರು. ಅದರಿಂದೇನಾದೀತೆಂದು ಬಗ್ದಾದಿನ ಯಾವ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಈ ವಾದವಿವಾದ ನಮಗೆ ಸಂಬಂಧವಿಲ್ಲದ ಸಂಗತಿ ಎಂದುಕೊಳ್ಳಬೇಡಿ. ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದು, ಹೆಣ್ಣುಮಕ್ಕಳ ಮತದಾನದ ಹಕ್ಕಿಗೆ ಹೋರಾಡಿದ ಜಾನ್ ಸ್ಟುವರ್ಟ್ ಮಿಲ್ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರಿ. ಒಂದೆರಡು ವರ್ಷವಲ್ಲ, 1823ರಿಂದ 1858ರ ತನಕ. ದೇಶೀ ಸಂಸ್ಥಾನಗಳ ಪತ್ರವ್ಯವಹಾರ ಬಹುಕಾಲ ಅವನ ಮೇಜಿನ ಮೇಲೇ ಇತ್ತು. ಪರದೇಶದ ವಿಷಯಕ್ಕೆ ಕೈಹಾಕಬಾರದೆಂದು 1859ರಲ್ಲಿ ಅವನು ಬರೆದ ಪ್ರಬಂಧ ಪ್ರಸಿದ್ಧ. ತಾನೇ ಹೋರಾಡಿ ಗಳಿಸದ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂಬ ಬೆಲೆಬಾಳುವ ಮಾತು ಅದರಲ್ಲಿದೆ. ಆದರೆ ಅದೇ ಪ್ರಬಂಧದಲ್ಲಿ, ಈ ನಿಯಮ ನಾಗರಿಕ ದೇಶಗಳಿಗೆ ಮಾತ್ರ ಎಂದು, 1856ರಲ್ಲಿ ಕಂಪನಿ ಅವಧ್ ಸಂಸ್ಥಾನವನ್ನು ನುಂಗಿದ್ದನ್ನು ಸಮರ್ಥಿಸಿಕೊಳ್ಳುತ್ತಾನೆ. ದುರಾಡಳಿತ ತಪ್ಪಿಸಲು ಎನ್ನುವ ಇದೇ ನೆಪ ಮೈಸೂರಿಗೂ ಬಂದಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಅರಮನೆಗೆ ಅದು ಮರಳಿದ್ದು 50 ವರ್ಷಗಳ ಮೇಲೆ, 1881ರಲ್ಲಿ. ಅಷ್ಟರಲ್ಲಿ ಮುಮ್ಮಡಿಯವರು ಮನವಿಗಳನ್ನು ಬರೆದು ಬರೆದು ತೀರಿಹೋಗಿದ್ದರು. ಕಬ್ಬನ್ ಸಾಹೇಬರು ರಸ್ತೆ ಮಾಡಿಸಿದ್ದು ಸುಳ್ಳಲ್ಲ. ಆದರೆ ಯಾರು ನಾಗರಿಕರು, ಯಾರ ಆಡಳಿತ ಕೆಟ್ಟದ್ದು ಎಂದು ತೀರ್ಪು ಕೊಟ್ಟವರೂ, ಆ ತೀರ್ಪಿನಿಂದ ಲಾಭ ಪಡೆದವರೂ ಒಬ್ಬರೇ. ಮಿಲ್‌ನ ಕಾಲದಲ್ಲೇ ರಿಚರ್ಡ್ ಕಾಬ್ಡೆನ್ ಎಂಬ ಇನ್ನೊಬ್ಬ ಸ್ವಾತಂತ್ರ್ಯವಾದಿ ಇದನ್ನು ಕಂಡಿದ್ದ. ಸಾವಿರ ಪೌಂಡಿಗೂ ಕಡಿಮೆಯ ತಕರಾರಿನಿಂದ ಬರ್ಮಾ ಯುದ್ಧ ಹೇಗೆ ಎದ್ದಿತೆಂದು 1853ರಲ್ಲಿ ಒಂದು ಕಿರುಹೊತ್ತಗೆ ಬರೆದು ಬಯಲಿಗೆಳೆದ. ಇಂದಿನ ಜಗಳದ ಎರಡೂ ಪಕ್ಷಗಳ ಅಜ್ಜಂದಿರು ಇವರೇ.

ಹಾಗಾದರೆ ಹೊರಗಿನ ಸೈನ್ಯದಿಂದ ಎಂದೂ ಒಳಿತಾಗಿಲ್ಲವೆ? ಪ್ರಾಮಾಣಿಕವಾಗಿ ಹೇಳಬೇಕಾದರೆ, ಆಗಿದೆ. ಜಪಾನಿನ ಹೆಂಗಸರು ಮೊದಲ ಸಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ್ದು 1946ರ ಏಪ್ರಿಲಿನಲ್ಲಿ, ಅಮೆರಿಕದ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದಾಗ. 39 ಹೆಂಗಸರು ಸಂಸತ್ತಿಗೆ ಗೆದ್ದು ಬಂದರು. ಹೊಸ ಸಂವಿಧಾನದಲ್ಲಿ ಮದುವೆ, ಸಂಸಾರದ ವಿಷಯಗಳಲ್ಲಿ ಗಂಡು ಹೆಣ್ಣು ಸಮಾನರೆಂಬ ಕಲಮಿನ ಕರಡು ಬರೆದವಳು ಬೆಯಾಟೆ ಸಿರೋಟಾ ಎಂಬ 22 ವರ್ಷದ ಹುಡುಗಿ. ಯುದ್ಧ ಬೇಕೆನ್ನುವವರು ಜಪಾನನ್ನು ತೋರಿಸುತ್ತಲೇ ಇರುತ್ತಾರೆ. ಆದರೆ ಒಳಹೊಕ್ಕು ನೋಡಿ. ಬೆಯಾಟೆ ಐದನೆಯ ವಯಸ್ಸಿನಿಂದ ಟೋಕಿಯೋದಲ್ಲಿ ಬೆಳೆದವಳು. ಆ ಭಾಷೆ ಬಲ್ಲವಳು, ಅಲ್ಲಿನ ಹೆಂಗಸರ ಪಾಡನ್ನು ಹತ್ತಿರದಿಂದ ಕಂಡವಳು. ಇಚಿಕಾವಾ ಫುಸಾಯೆಯಂಥ ಜಪಾನಿ ಹೆಂಗಸರು ಅದಕ್ಕೂ 20 ವರ್ಷ ಮೊದಲಿನಿಂದ ಮತದ ಹಕ್ಕಿಗೆ ಹೋರಾಡುತ್ತಿದ್ದರು. ಹೆಪ್ಪು ಅಲ್ಲಿಯೇ ಇತ್ತು. ಜಾರ್ಜಿಯಾದ ಯಜಮಾನನ ಮಾತು ಇಲ್ಲೂ ಸುಳ್ಳಾಗಲಿಲ್ಲ.

ನಮ್ಮದೇ ಉದಾಹರಣೆಯೂ ಇದೆ. 1971ರಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಪೂರ್ವ ಪಾಕಿಸ್ತಾನದಿಂದ ನಮ್ಮಲ್ಲಿಗೆ ಬಂದರು, ಕೊನೆಗೆ ನಮ್ಮ ಸೈನ್ಯ ಹೋಯಿತು. ಅದನ್ನು ತಪ್ಪೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಆ ಸೈನ್ಯ ಕೊಲೆ ನಿಲ್ಲಿಸಿ, 1972ರ ಮಾರ್ಚಿನಲ್ಲಿ ಮರಳಿಬಂತು. ಅಲ್ಲಿ ಸರ್ಕಾರ ಹೇಗಿರಬೇಕೆಂದು ಕಲಿಸಲು ಕೂರಲಿಲ್ಲ. ಬೆಂಕಿ ಹತ್ತಿದ ಪಕ್ಕದ ಮನೆಗೆ ನೀರು ಹೊತ್ತು ಓಡುವುದು ಒಂದು. ಬೆಂಕಿ ಆರಿದ ಮೇಲೂ ಅಲ್ಲೇ ಕೂತು ಅಡುಗೆ ಹೇಗೆ ಮಾಡಬೇಕೆಂದು ಹೇಳಿಕೊಡುವುದು ಇನ್ನೊಂದು. ಯುದ್ಧವೆಲ್ಲವೂ ಪಾಪವೆನ್ನುವ ಲಿಬರ್ಟೇರಿಯನ್ನರು ಮೊದಲನೆಯದನ್ನು ಕಾಣುವುದಿಲ್ಲ. ಪ್ರಜಾಪ್ರಭುತ್ವ ಹಂಚಲು ಹೊರಟವರು ಎರಡನೆಯದನ್ನು ಕಾಣುವುದಿಲ್ಲ.

ಇನ್ನು ಅಫ್ಘಾನಿಸ್ತಾನಕ್ಕೆ ಬರುತ್ತೇನೆ. ಅಲ್ಲಿಗೆ ಸೈನ್ಯ ಹೋದದ್ದು 2001ರ ಸೆಪ್ಟೆಂಬರಿನ ದಾಳಿಗೆ ಉತ್ತರವಾಗಿ. ಆದರೆ ಆ ನವೆಂಬರಿನಲ್ಲೇ ಅಧ್ಯಕ್ಷರ ಹೆಂಡತಿ ಲಾರಾ ಬುಷ್ ರೇಡಿಯೋದಲ್ಲಿ ಮಾತಾಡಿ, ಈ ಹೋರಾಟ ಅಫ್ಘನ್ ಹೆಂಗಸರ ಹಕ್ಕಿಗಾಗಿಯೂ ಹೌದು ಎಂದರು. ನಮ್ಮ ಹೆಸರಿನಲ್ಲಿ ಯುದ್ಧ ನಡೆದಾಗ ನಾವು ಹೆಂಗಸರು ಸ್ವಲ್ಪ ಹೆಚ್ಚೇ ಎಚ್ಚರವಾಗಿರಬೇಕು. ಆದರೂ ಆದ ಒಳಿತನ್ನು ಇಲ್ಲವೆನ್ನಲಾರೆ. ಶಾಲೆಯ ಬಾಗಿಲನ್ನೇ ಕಾಣದಿದ್ದ ದೇಶದಲ್ಲಿ 2018ರ ಹೊತ್ತಿಗೆ 25 ಲಕ್ಷ ಹುಡುಗಿಯರು ಪ್ರಾಥಮಿಕ ಶಾಲೆಯಲ್ಲಿದ್ದರು ಎನ್ನುತ್ತದೆ ಯುನೆಸ್ಕೋ. 2004ರ ಸಂವಿಧಾನದ ಪ್ರಕಾರ ಕೆಳಮನೆಯ 249 ಸ್ಥಾನಗಳಲ್ಲಿ 68 ಹೆಂಗಸರಿಗೆ ಮೀಸಲು. ಆಮೇಲೆ? 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದ ಮಾಡಿಕೊಂಡವು. ಅಫ್ಘನ್ ಸರ್ಕಾರ ಅದರಲ್ಲಿ ಪಕ್ಷವೇ ಅಲ್ಲ. ಮನೆಯವರನ್ನು ಹೊರಗೆ ನಿಲ್ಲಿಸಿ ಮನೆಯ ಕರಾರು! 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನರ ಕೈಸೇರಿತು. 2022ರ ಮಾರ್ಚಿನಲ್ಲಿ, ಪ್ರೌಢಶಾಲೆ ತೆರೆಯಿತೆಂದು ಸಂತೋಷದಿಂದ ಬಂದ ಹುಡುಗಿಯರನ್ನು ಅದೇ ದಿನ ಮನೆಗೆ ಕಳುಹಿಸಿದರು. ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು.

ಹೊರಗಿನವರು ಕಟ್ಟಿದ್ದು ಹೊರಗಿನವರು ಹೋದಕೂಡಲೇ ಬಿತ್ತು. ಯುದ್ಧವಿರೋಧಿ ಲಿಬರ್ಟೇರಿಯನ್ನರು, ನಾವು ಮೊದಲೇ ಹೇಳಿರಲಿಲ್ಲವೆ ಎಂದರು. ಹೇಳಿದ್ದರು, ನಿಜ. ಆದರೆ ಸರಿಯಾಗಿ ಭವಿಷ್ಯ ನುಡಿದವನ ಜವಾಬ್ದಾರಿ ಅಷ್ಟಕ್ಕೇ ಮುಗಿಯುತ್ತದೆಯೆ? ಇವರ ಧರ್ಮದಲ್ಲಿ ಎಲ್ಲಕ್ಕಿಂತ ಪವಿತ್ರವಾದದ್ದು ಕರಾರು, ಕೊಟ್ಟ ಮಾತು. ಆ ಇಪ್ಪತ್ತು ವರ್ಷ ಅಮೆರಿಕದವರಿಗೆ ದುಭಾಷಿಗಳಾಗಿ ದುಡಿದ ಅಫ್ಘನರಿಗೆ ವೀಸಾ ಕೊಡುವುದಾಗಿ 2009ರಲ್ಲಿ ಕಾನೂನನ್ನೇ ಮಾಡಿದ್ದರು. ವಿಮಾನದ ಹಿಂದೆ ಜನ ಓಡಿದ ಆ ದಿನ, ವೀಸಾ ಕಾಯುತ್ತ ಅಲ್ಲೇ ಉಳಿದುಹೋದ ದುಭಾಷಿಗಳು ಸಾವಿರಗಟ್ಟಲೆ. ಕೊಟ್ಟ ಮಾತಿನ ಬೆಲೆ ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಯಾರೂ ಕಲಿಸಬೇಕಿಲ್ಲ. ಪರರ ಮನೆಗೆ ಹೋಗುವ ಮೊದಲು ನೂರು ಸಲ ಯೋಚಿಸು. ಹೋಗಿ, ಅಲ್ಲಿಯ ಮಗುವಿನ ಕೈಹಿಡಿದ ಮೇಲೆ, ‘ಬಂದದ್ದೇ ತಪ್ಪಾಯಿತು’ ಎಂದು ಕೈಕೊಡವಿ ಎದ್ದುಹೋಗುವ ಸ್ವಾತಂತ್ರ್ಯ ನಿನಗಿಲ್ಲ. ಸೈನ್ಯ ಕಳುಹಿಸಬೇಡ ಎನ್ನುವವರು, ಓಡಿಬಂದವಳಿಗೆ ಬಾಗಿಲು ತೆರೆಯಿರಿ ಎಂದು ಅದಕ್ಕಿಂತ ಗಟ್ಟಿಯಾಗಿ ಕೂಗಬೇಕು. ಈ ಪಂಥದಲ್ಲಿ ಹಾಗೆ ಕೂಗುವವರು ಇದ್ದಾರೆ. ಆದರೆ ಗಡಿಯ ಬಾಗಿಲನ್ನೂ ಮುಚ್ಚಿ ಎನ್ನುವವರೂ ಇದ್ದಾರೆ. ಅವರ ಸ್ವಾತಂತ್ರ್ಯಪ್ರೇಮ ನನಗೆ ಅರ್ಥವಾಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹೆರಾತ್ ಊರಿನ ಒಂದು ಹೊಲಿಗೆ ಶಾಲೆ. 1996ರಿಂದ 2001ರ ತನಕ ನಡೆದ ತಾಲಿಬಾನರ ಮೊದಲ ಆಳ್ವಿಕೆಯಲ್ಲಿ ಹೆಂಗಸರಿಗೆ ಓದು ನಿಷಿದ್ಧ, ಹೊಲಿಗೆಗೆ ಅಡ್ಡಿಯಿಲ್ಲ. ‘ಚಿನ್ನದ ಸೂಜಿ’ ಎಂಬ ಹೆಸರಿನ ಆ ಶಾಲೆಗೆ ಹೆಂಗಸರು ಚೀಲದಲ್ಲಿ ಬಟ್ಟೆ, ಕತ್ತರಿ ಇಟ್ಟುಕೊಂಡು ಹೋಗುತ್ತಿದ್ದರು. ಅಡಿಯಲ್ಲಿ ಪುಸ್ತಕ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ಸಾಹಿತ್ಯ ಪಾಠ ಮಾಡುತ್ತಿದ್ದರು. ಹೊರಗೆ ಆಡುವ ಮಕ್ಕಳದು ಕಾವಲು. ಯಾವ ದಂಡೂ ಅವರಿಗೆ ಇದನ್ನು ತಂದುಕೊಟ್ಟಿರಲಿಲ್ಲ. ಮದ್ದುಗುಂಡಿನ ಬದಲು ಅಂಥವರ ಚೀಲಕ್ಕೆ ಒಂದು ಪುಸ್ತಕ, ಅವರ ಮಗಳಿಗೆ ಒಂದು ವೀಸಾ, ಅವರ ದನಿಗೆ ಒಂದು ರೇಡಿಯೋ ತಲುಪಿಸುವುದು ನಿಧಾನದ ಕೆಲಸ. ಅದರಿಂದ ಯಾರಿಗೂ ಪದಕ ಸಿಗುವುದಿಲ್ಲ. ಹೆಪ್ಪು ಹಾಕುವುದೆಂದರೆ ಅದೇ.

ಮೊನ್ನೆ ಹುಡುಗಿ ಫೋನು ಮಾಡಿದಾಗ ಹೇಳಿದೆ: “ಅವತ್ತು ಕೇಳಿದ್ಯಲ್ಲ, ಹೋಗಿದ್ದು ತಪ್ಪಾ, ಬಿಟ್ಟು ಬಂದಿದ್ದು ತಪ್ಪಾ ಅಂತ. ಎರಡೂ ತಪ್ಪೇ ಕಣೇ. ಆದರೆ ಎರಡನೇ ತಪ್ಪನ್ನ ಮೊದಲನೇದರ ಮೇಲೆ ಹೊರಿಸೋ ಹಾಗಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಚಿಕ್ಕಮ್ಮ?” ಎಂದಳು.

ಬೇಕಾಯಿತು. ಅಂದು ಗ್ಯಾಸ್ ಸಣ್ಣ ಮಾಡೆಂದು ಅವಳನ್ನು ಒಳಗೆ ಕಳುಹಿಸಿದ್ದೆ, ಹುಳಿ ಉಕ್ಕಲಿಲ್ಲ. ಪ್ರಶ್ನೆ ಮಾತ್ರ ಇಷ್ಟು ದಿನ ನನ್ನೊಳಗೆ ಕುದಿಯುತ್ತಲೇ ಇತ್ತು.